ಹಲಗೆಯ ಸದ್ದು, ನಾನು ಕತ್ತರಿಸಿದ ಟೇಪು

ಕಳೆದ ತಿಂಗಳು ನಮ್ಮ ಹಳೆಯ ರೇಡಿಯೋ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನು ಮಾಡಿದ್ದಳು. ವಿಡಿಯೊ ಗೇಮುಗಳ ಸಂಗೀತದ ಮೇಲೆ ಕಾರ್ಯಕ್ರಮ ಮಾಡಲು ಅವಳಿಗೆ ಹೇಳಿದ್ದಾರಂತೆ. ಆ ಸಂಗೀತ ಕಟ್ಟುವವರನ್ನು ಮಾತಾಡಿಸಬೇಕು, ಅದನ್ನು ಕೇಳಿ ಹುಚ್ಚು ಹಿಡಿಸಿಕೊಂಡ ಅಭಿಮಾನಿಗಳನ್ನೂ ಮಾತಾಡಿಸಬೇಕು.

"ಮೇಡಂ, ಎಲ್ಲಾರೂ ನಗಾಕತ್ತಾರ್ರಿ. ಅದೂ ಒಂದು ಸಂಗೀತ ಏನು ಅಂತಾರ. ಖರೇ ಹೇಳಬೇಕಂದ್ರ ನನಗೂ ಹ್ಯಾಂಗ ಶುರು ಮಾಡಬೇಕು ತಿಳಿವಲ್ದು."

ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿದೆ. "ಆಡಾವ ಓಡಿದ್ರ ಸಂಗೀತಾನೂ ಓಡತೈತ್ರಿ. ಅವ ನಿಂತ್ರ ಅದೂ ನಿಂದರತೈತಿ. ಸೋಲೂ ಹೊತ್ತು ಬಂತಂದ್ರ ಸಪ್ಪಳಾನ ಬ್ಯಾರೆ ಆಗತೈತಿ" ಎಂದಳು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಾಪ, ನಾನೂ ಗೇಲಿ ಮಾಡುತ್ತಿದ್ದೇನೆ ಎಂದುಕೊಂಡು ಫೋನು ಇಡಲು ಹೊರಟಳು. ಗೇಲಿ ಅಲ್ಲ ತಾಯಿ. ಇಂಥದೇ ಸಂಗೀತದ ಬೆನ್ನು ಹತ್ತಿ ನಾನು ಒಂದು ವರ್ಷ ಅಲೆದಿದ್ದೇನೆ, ಸಾಹೇಬರ ಕೈಯಲ್ಲಿ ಬೈಸಿಕೊಂಡಿದ್ದೇನೆ. ಬರೆದು ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಬರೆಯಬೇಕಲ್ಲ.

ನನಗೆ ಬಡ್ತಿ ಯಾವಾಗ ಬಂತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹಾರಿದೆ ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ. ಅದನ್ನು ಬಿಟ್ಟುಬಿಡುತ್ತೇನೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಹಿಳೆಯರ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ನನ್ನ ಪಾಲಿಗೆ ಬಿದ್ದ ಊರುಗಳು. ಈಗ ನೀವು ಜೇಬಿನಿಂದ ಫೋನು ತೆಗೆದು ಧ್ವನಿ ಹಿಡಿಯುತ್ತೀರಿ. ನಮ್ಮ ಸ್ಪೂಲ್ ಟೇಪ್ ರೆಕಾರ್ಡರನ್ನು ಬಸ್ಸಿನಲ್ಲಿ ಒಯ್ಯಬೇಕೆಂದರೆ ಅದಕ್ಕೇ ಒಂದು ಸೀಟು ಬೇಕು. ಕಂಡಕ್ಟರು ಅದಕ್ಕೂ ಟಿಕೆಟು ತೆಗೆಸಬೇಕೋ ಬೇಡವೋ ಎಂದು ಒಂದು ಮೈಲಿ ಯೋಚಿಸುತ್ತಿದ್ದ. ಅದನ್ನು ಹೊತ್ತು ತಿರುಗುತ್ತಿದ್ದವನು ಬಾದಾಮಿಯ ಇಬ್ರಾಹಿಂ, ನಮ್ಮ ತಂತ್ರಜ್ಞ. ನಾನು ಹತ್ತು ಮಾತಾಡಿದರೆ ಅವನದು ಒಂದು ಮಾತು. ಆದರೆ ಆ ಒಂದೇ ನನಗೆ ತಾಗುವ ಹಾಗಿರುತ್ತಿತ್ತು.

ಮೊದಮೊದಲು ನಾನು ಪ್ರಶ್ನೆಗಳನ್ನು ಮನೆಯಲ್ಲೇ ಚೆಂದಾಗಿ ಬರೆದುಕೊಂಡು ಹೋಗುತ್ತಿದ್ದೆ. ಮಹಾಕೂಟದಲ್ಲಿ ಸನಾದಿ ಊದುವ ಹಿರಿಯರೊಬ್ಬರನ್ನು ಕೂರಿಸಿಕೊಂಡು, "ಪರಂಪರೆಯಿಂದ ಬಂದ ಈ ಕಲೆಯನ್ನು ತಾವು ಅತ್ಯಂತ ನಿಷ್ಠೆಯಿಂದ ಉಳಿಸಿಕೊಂಡು ಬಂದಿದ್ದೀರಿ, ಅಲ್ಲವೇ?" ಎಂದು ಕೇಳಿದೆ. "ಹೌದ್ರಿ" ಎಂದರು. ಹನ್ನೊಂದು ಪ್ರಶ್ನೆ ಕೇಳಿದೆ. ಹನ್ನೊಂದಕ್ಕೂ "ಹೌದ್ರಿ." ಬಸ್ಸಿನಲ್ಲಿ ವಾಪಸು ಬರುವಾಗ ಇಬ್ರಾಹಿಂ ಕಿಟಕಿಯ ಹೊರಗೆ ನೋಡುತ್ತ, "ಮೇಡಂ, ಸಂದರ್ಶನ ಭಾಳ ಛಲೋ ಆತ್ರಿ. ನಿಮ್ಮದು" ಎಂದ. ಸಿಟ್ಟು ಬಂತು. ಆ ಚೀಟಿಗಳನ್ನು ಮಾತ್ರ ಅವತ್ತೇ ಹರಿದು ಹಾಕಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇಳಕಲ್ಲಿಗೆ ಹೋದದ್ದು ಸೀರೆ ನೇಯುವ ಹೆಣ್ಣುಮಕ್ಕಳನ್ನು ಮಾತಾಡಿಸಲು. ಗಂಗವ್ವ ಎಂಬಾಕೆಯ ಮನೆ. ವಯಸ್ಸು ನಲವತ್ತರ ಮೇಲೆ, ಹಣೆಯ ತುಂಬ ಕುಂಕುಮ, ಮಾತು ಚುರುಕು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದಳು. ಇಬ್ರಾಹಿಂ ಯಂತ್ರ ಹೂಡಿದ. ನಾನು ಬಾಯಿ ತೆರೆದೆ. ಮನೆಯ ಹಿಂದಿನಿಂದ ಹಲಗೆಯ, ಅದೇ ತಮಟೆಯ, ಸದ್ದು ಧಡಧಡ ಶುರುವಾಯಿತು. ಹಿಂದುಗಡೆಯೇ ಬಯಲು, ಅವತ್ತು ಅಲ್ಲಿ ಕುಸ್ತಿ. ಕಿಟಕಿ ಹಾಕಿದೆವು. ಬಾಗಿಲು ಹಾಕಿದೆವು. ಸದ್ದು ಗೋಡೆ ತೂರಿಕೊಂಡು ಬಂತು. ಮೂರು ಸಲ ಶುರು ಮಾಡಿ ಮೂರು ಸಲ ನಿಲ್ಲಿಸಿದ ಮೇಲೆ ನನಗೆ ತಲೆಕೆಟ್ಟಿತು.

"ಗಂಗವ್ವ, ಈ ಹಲಗಿ ಯಾವಾಗ ನಿಂದರತೈತಿ?"

"ಎಲ್ಲೀದ್ರಿ ಅಕ್ಕೋರ, ಇನ್ನ ಆರು ಜೋಡ ಅದಾವು. ತಡೀರಿ, ತಡೀರಿ" ಎಂದು ಆಕೆ ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡು ಕುತ್ತಿಗೆ ಸ್ವಲ್ಪ ವಾರೆ ಮಾಡಿದಳು. ಹಲಗೆ ದಡಬಡಿಸಿ ಒಮ್ಮೆಲೇ ನಿಂತಿತು. "ಬಿದ್ದ ನೋಡ್ರಿ. ದೊಡ್ಡಾವನ ಬಿದ್ದ."

ಯಾರು ಬಿದ್ದ, ನಿನಗೆ ಹೇಗೆ ಗೊತ್ತು ಎಂದೆ. ಜೋಡ ಎಂದರೆ ಕಣದಲ್ಲಿ ಎದುರುಬದುರಾಗುವ ಇಬ್ಬರು ಪೈಲ್ವಾನರು. ಅವರಲ್ಲಿ ಒಬ್ಬ ಭಾರದವನಂತೆ, ಇನ್ನೊಬ್ಬ ಸಣ್ಣವನಂತೆ. ಅವರು ಹೆಜ್ಜೆ ಹಾಕಿದ ಹಾಗೆ ಹಲಗೆಯವನೂ ಪೆಟ್ಟು ಹಾಕುತ್ತಾನೆ. ಭಾರದ ಹೆಜ್ಜೆ ಬಂದದ್ದು ಕೇಳುತ್ತಿತ್ತು, ಆಮೇಲೆ ಅದು ನಿಂತುಹೋಯಿತು. ಇಷ್ಟು ತಿಳಿಯದೇನು ಎಂಬಂತೆ ಅವಳು ನನ್ನ ಮುಖ ನೋಡಿದಳು.

"ನೀ ಕುಸ್ತಿ ನೋಡೀಯೇನು?"

"ಅಯ್ಯ, ಹೆಣ್ಮಕ್ಕಳು ಕಣಕ್ಕ ಹೋಗೂದುಂಟೇನ್ರಿ? ಮದುವ್ಯಾಗಿ ಈ ಮನಿಗೆ ಬಂದಾಗಿಂದ ಕೇಳೇನಿ. ನಮ್ಮನಿಯವರು ಬಂದು ಹೇಳೂದರೊಳಗ ನಾನ ಹೇಳಿಬಿಡ್ತೇನಿ, ಇಂಥ ಜೋಡದಾಗ ಇಂಥಾವ ಗೆದ್ದ ಅಂತ. ಅವರಿಗೆ ಸಿಟ್ಟು ಬರತೈತಿ."

ಉಳಿದ ಆರು ಜೋಡವನ್ನೂ ಆಕೆ ಹಾಗೆಯೇ ಹೇಳಿದಳು. ಸಂಜೆ ಗಂಡ ಬಂದಾಗ ನಾನೇ ಒಂದೊಂದಾಗಿ ಕೇಳಿದೆ. ಒಂದೂ ತಪ್ಪಿರಲಿಲ್ಲ. ನಾನು ಸೀರೆಯ ಪ್ರಶ್ನೆಗಳನ್ನೆಲ್ಲ ಮರೆತಿದ್ದೆ. ಇಬ್ರಾಹಿಂ ಮಾತ್ರ ಯಾರೂ ಹೇಳದೆ ಕಿಟಕಿ ತೆರೆದು ಮೈಕನ್ನು ಆ ಕಡೆ ತಿರುಗಿಸಿಟ್ಟಿದ್ದ.

ಮರುದಿನ ಹಲಗೆಯವನನ್ನು ಹುಡುಕಿಕೊಂಡು ಹೋದೆವು. ಹುನಗುಂದದ ದಾರಿಯಲ್ಲಿ ಒಂದು ಹಳ್ಳಿ. ಹೆಸರು ದುರ್ಗಪ್ಪ, ಐವತ್ತರ ಆಸುಪಾಸು, ಉದ್ದ ತೋಳು. ತಮ್ಮ ಯಲ್ಲಪ್ಪನೂ ಜೊತೆಗೆ ಬಾರಿಸುತ್ತಾನೆ. ಇಬ್ಬರೂ ಬೇವಿನ ಮರದ ಕೆಳಗೆ ನಿಂತೇ ಮಾತಾಡಿದರು. ನಾನು ಎಷ್ಟು ಹೇಳಿದರೂ ಕೂರಲಿಲ್ಲ. ಬಾರಿಸುವುದು ಯಾವ ತಾಳ ಎಂದು ಕೇಳಿದೆ.

"ತಾಳ ಗೀಳ ನಮಗ್ಯಾರು ಕಲಿಸ್ಯಾರ್ರಿ. ನಾ ಪೈಲ್ವಾನನ ಕಾಲು ನೋಡ್ತೇನಿ. ಕೈ ನೋಡಬಾರದ್ರಿ, ಕೈ ಮೋಸ ಮಾಡತೈತಿ. ಕಾಲು ಸುಳ್ಳು ಹೇಳೂದಿಲ್ಲ. ಹೆಬ್ಬಟ್ಟು ಮಣ್ಣಾಗ ಊರಿದ್ನೋ, ಈಗ ಪಟ್ಟು ಹಾಕ್ತಾನ ಅಂತ ತಿಳಕೋಬೇಕು. ಅವ ಹಾಕೂದರೊಳಗ ನನ್ನ ಕೈ ಏಳಬೇಕು."

"ಯಾರರ ಒಬ್ಬರ ಕಡೆ ವಾಲೂದು ಇರತೈತೇನು? ನಿಮ್ಮೂರಾವ ಇದ್ದಾಗ?"

ಅವನ ಮುಖ ಗಂಟಾಯಿತು. "ಹಂಗ ಮಾಡಿದ್ರ ಕೈ ಮುರೀಲಿ. ನಮ್ಮ ಹುಡುಗ ಬಿದ್ದಾಗ ನಾನ ಬಿದ್ದಿದ್ದು ಬಾರಿಸೇನಿ."

ನಾನು ಇನ್ನೇನೋ ಕೇಳುತ್ತಿದ್ದೆ. ಅವನೇ ತಡೆದು, "ಇದನ್ನೆಲ್ಲ ತಗೊಂಡು ಏನ್ ಮಾಡ್ತೀರಿ ಅಕ್ಕೋರ? ಬರೋ ವರ್ಷ ನಮ್ಮನ್ನ ಕರಿಯೂದಿಲ್ಲಂತ" ಎಂದ.

ಇಳಕಲ್ಲಿನ ಕುಸ್ತಿ ಕಮಿಟಿಯ ಹಿರಿಯ ಮಲ್ಲಪ್ಪ ಸಾಹುಕಾರರು ಬೇರೆ ಊರಿನಲ್ಲಿ ಲೌಡ್‌ಸ್ಪೀಕರ್ ಹಚ್ಚಿ, ಗ್ರಾಮಫೋನ್ ತಟ್ಟೆ ಹಾಕಿ ಸಿನಿಮಾ ಹಾಡಿನ ಜೊತೆ ಕುಸ್ತಿ ಆಡಿಸಿದ್ದನ್ನು ನೋಡಿ ಬಂದಿದ್ದರು. ಹಲಗೆ ಹಳೆಯದಾಯಿತು ಎಂದು ಅವರಿಗೆ ಅನ್ನಿಸಿತ್ತು. ಇಳಕಲ್ಲಿನ ಕಣ ದೊಡ್ಡದು. ಅಲ್ಲಿ ಬಿಟ್ಟರೆ ಸುತ್ತಲಿನವರೂ ಬಿಡುತ್ತಾರೆ.

"ಹೊಟ್ಟಿ ಹೆಂಗರ ತುಂಬತೈತ್ರಿ. ಹೊಲದಾಗ ಕೂಲಿ ಐತಿ. ಆದ್ರ ಅಲ್ಲಿ ಜೋಡ ನಿಂತಿರತೈತಿ, ನಾ ಇಲ್ಲಿ ಸುಮ್ನ ಕುಂದ್ರೂದು ಅಂದ್ರ ಹ್ಯಾಂಗ್ರಿ?" ಎಂದ ದುರ್ಗಪ್ಪ. ದನಿ ಏರಿಸಲಿಲ್ಲ. ಯಲ್ಲಪ್ಪ ಹಲಗೆಯ ಅಂಚನ್ನು ಬೆರಳಿನಿಂದ ಸವರುತ್ತ ನೆಲ ನೋಡುತ್ತಿದ್ದ.

"ನಿಮ್ಮನ್ನ ರೇಡಿಯೋದಾಗ ಹಾಕ್ತೇನಿ. ಸಾಹುಕಾರರೂ ಕೇಳ್ತಾರ" ಎಂದುಬಿಟ್ಟೆ. ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಇಬ್ರಾಹಿಂ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ನಮ್ಮ ಸಾಹೇಬರು, ಅಂದರೆ ಕೇಂದ್ರದ ಮುಖ್ಯಸ್ಥರು, ಕೆಟ್ಟವರಲ್ಲ. ಗುರುಗಳ ಮನೆಯಲ್ಲಿ ನೀರು ಹೊತ್ತು ಸಂಗೀತ ಕಲಿತವರು, ಒಂದು ಸ್ವರ ಕೂದಲೆಳೆಯಷ್ಟು ಜಾರಿದರೂ ಮುಖ ಹಿಂಡುವವರು. ಹಲಗೆ ಎಂದ ಕೂಡಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡ್ರಿ ಬಾಯಾರ, ಅದು ಕಣದ ಗದ್ದಲ. ಕುಸ್ತಿ ಇದ್ದಲ್ಲಿ ಅದು ಇರಲಿ. ಮನಿಯಾಗ ಕುಂತು ಕೇಳಾಕ ಅದು ಸಂಗೀತ ಹ್ಯಾಂಗಾಗತೈತಿ?" ಒಂದು ವಾರ ಪೀಡಿಸಿದ ಮೇಲೆ, ಮುಚ್ಚಿದ ಕೋಣೆಯಲ್ಲಿ ಸ್ವಚ್ಛವಾಗಿ ಹಿಡಿದು ತನ್ನಿ, ಕೇಳಿ ನೋಡುತ್ತೇನೆ ಎಂದರು.

ಕಾಗದಪತ್ರ ಓಡಾಡಿ ಕೆಲವು ತಿಂಗಳು ಕಳೆದ ಮೇಲೆ ಬಾಗಲಕೋಟೆಯ ಒಂದು ಶಾಲೆಯ ಸಭಾಂಗಣ ಗೊತ್ತುಮಾಡಿದೆ. ನಾನೂ ಇಬ್ರಾಹಿಂನೂ ಒಳಗೆ ಮೈಕು ಹೊಂದಿಸುತ್ತಿದ್ದೆವು. ಬಹಳ ಹೊತ್ತಾದರೂ ಅಣ್ಣತಮ್ಮಂದಿರು ಬರಲಿಲ್ಲ. ಹೊರಗೆ ಬಂದು ನೋಡಿದರೆ ಇಬ್ಬರೂ ಮೆಟ್ಟಿಲ ಕೆಳಗೆ ಬಿಸಿಲಿನಲ್ಲಿ ನಿಂತಿದ್ದಾರೆ. ಜವಾನ ಬಾಗಿಲಿಗೆ ಅಡ್ಡ ನಿಂತಿರಲಿಲ್ಲ, ಆದರೆ ಬನ್ನಿ ಎಂದೂ ಹೇಳಿರಲಿಲ್ಲ. ನಾನು ಹೊರಗೆ ಬಂದು ಕರೆಯಬೇಕಿತ್ತು. ಅದು ನನಗೆ ಹೊಳೆದಿರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಒಳಗೆ ಬಂದ ಮೇಲೆ ಬೇರೆ ಫಜೀತಿ. ಹಲಗೆಯ ಚರ್ಮ ಬಿಗಿಯಾಗಬೇಕಾದರೆ ಬೆಂಕಿಗೆ ಕಾಯಿಸಬೇಕು. ಶಾಲೆಯ ವರಾಂಡದಲ್ಲಿ ಬೆಂಕಿ ಎಂದ ಕೂಡಲೇ ಜವಾನ ಹೌಹಾರಿದ. ಕೊನೆಗೆ ಅಂಗಳದ ಮೂಲೆಯಲ್ಲಿ ಹುಲ್ಲು ಉರಿಸಿ ಕಾಯಿಸಿದರು. ಬಾಗಿಲು ಹಾಕಿದೆವು. ನಾನು ಕೈ ತೋರಿಸಿದೆ. ದುರ್ಗಪ್ಪ ಬಾರಿಸಿದ.

ಅದೇ ಕೈ, ಅದೇ ಹಲಗೆ. ಆದರೆ ಬಂದದ್ದು ಬರೀ ಸಪ್ಪಳ. ಎರಡು ನಿಮಿಷಕ್ಕೆ ಅವನೇ ನಿಲ್ಲಿಸಿದ.

"ಯಾರ ಸಲುವಾಗಿ ಬಾರಸ್ಲಿ ಅಕ್ಕೋರ? ಇಲ್ಲಿ ಯಾರ ಕಾಲೂ ಇಲ್ಲ."

"ಮನಸ್ಸಿನ್ಯಾಗ ನೆನಸಿಕೊಂಡು ಬಾರಸ್ರಿ" ಎಂದು ಬುದ್ಧಿವಂತಿಕೆ ಮಾಡಿದೆ. ಅವನು ಪ್ರಯತ್ನಿಸಿದ. ಇನ್ನೂ ಕೆಟ್ಟಿತು. ಕಲಾವಿದನೊಬ್ಬ ತನ್ನ ಕೈಯಿಂದ ಬರುವುದನ್ನು ಕೇಳಿ ತಾನೇ ಅಸಹ್ಯಪಡುವುದನ್ನು ನಾನು ಅವತ್ತು ನೋಡಿದೆ. ನನ್ನಿಂದಲೇ ಅವನಿಗೆ ಆ ಅವಮಾನ ಆಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಇಬ್ರಾಹಿಂ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅರ್ಧ ಗಂಟೆಯ ಮೇಲೆ ಹತ್ತಿರದ ಗರಡಿ ಮನೆಯಿಂದ ಇಬ್ಬರು ಪೈಲ್ವಾನರನ್ನು ಕರೆದುಕೊಂಡು ಬಂದ. ಒಬ್ಬ ಐಹೊಳೆ ಕಡೆಯ ಬೀರಪ್ಪ, ಆಳು ದೊಡ್ಡದು. ಇನ್ನೊಬ್ಬ ಹುಸೇನಸಾಬ, ಸಣ್ಣ ಮೈ, ಮಿಂಚಿನ ಕಾಲು.

ಸಭಾಂಗಣದಲ್ಲಿ ಜಮಖಾನ ಹಾಸಿ ಕುಸ್ತಿ! ಜಮಖಾನ ಜಾರುತ್ತಿತ್ತು. ಬೀರಪ್ಪನಿಗೆ ಬಿದ್ದು ಸೊಂಟ ಮುರಿದರೆ ಎಂಬ ಭಯ. ನಾನು ಹೆಣ್ಣುಮಗಳು ಅಲ್ಲೇ ನಿಂತಿದ್ದೇನೆಂದು ಇಬ್ಬರಿಗೂ ಸಂಕೋಚ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಆಗ ಹಲಗೆ ಶುರುವಾಯಿತು. ಬೆನ್ನ ಹಿಂದೆ ನಡೆಯುವುದೆಲ್ಲ ನನ್ನ ಕಿವಿಗೆ ಬಂತು. ಸುತ್ತು ಹಾಕುವುದು, ಹೊಂಚುವುದು, ಮೇಲೆ ಬೀಳುವುದು. ಯಾರು ಯಾರೆಂದು ಹೇಳಲು ನಾನು ಗಂಗವ್ವನಲ್ಲ, ಆದರೂ ಮೈ ಜುಮ್ಮೆಂದಿತು. ಇದು ಸಂಗೀತ ಹೌದೋ ಅಲ್ಲವೋ ಎಂಬ ಅನುಮಾನ ನನಗೆ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಆದಮೇಲೆ ಅದನ್ನು ಕೆಡಿಸಿದವಳೂ ನಾನೇ. ಆಗ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದೆವು. ಆ ಕೆಲಸದಲ್ಲಿ ನನ್ನ ಕೈ ಚೊಕ್ಕ ಎಂದು ಹೆಸರಿತ್ತು, ಸ್ವಲ್ಪ ಜಂಬವೂ ಇತ್ತು. ರೇಡಿಯೋದವರಿಗೆ ಮೌನ ಎಂದರೆ ದೆವ್ವ. ನಾಲ್ಕು ಸೆಕೆಂಡು ಸದ್ದಿಲ್ಲದಿದ್ದರೆ ಕೇಳುವವರು ಕೇಂದ್ರವೇ ಬಂದ್ ಆಯಿತೆಂದು ತಿಳಿಯುತ್ತಾರೆ ಎಂದು ನಮಗೆ ಕಲಿಸಿದ್ದರು. ಟೇಪಿನ ನಡುವೆ ಒಂದು ಕಡೆ ಅರ್ಧ ನಿಮಿಷ ಹೆಚ್ಚುಕಡಿಮೆ ಏನೂ ಇರಲಿಲ್ಲ. ಹಲಗೆ ಬಾರಿಸುವ ಎರಡು ಕಡ್ಡಿಗಳಲ್ಲಿ ದಪ್ಪ ಕಡ್ಡಿ ನಿಂತು, ಸಣ್ಣ ಕಡ್ಡಿ ಮಾತ್ರ ಅಂಚಿನಲ್ಲಿ ಆಗೊಮ್ಮೆ ಈಗೊಮ್ಮೆ ಮುಟ್ಟುತ್ತಿತ್ತು. ದುರ್ಗಪ್ಪ ದಣಿದಿರಬೇಕು ಎಂದುಕೊಂಡೆ. ಕತ್ತರಿಸಿದೆ. ಜೋರಿಗೆ ಜೋರು ಅಂಟಿಸಿದೆ. ಕೇಳಲು ಭರ್ಜರಿಯಾಯಿತು.

ಸಾಹೇಬರು ಕೊನೆಯವರೆಗೂ ಕೇಳಿದರು. "ಹುರುಪು ಐತಿ, ಒಪ್ತೇನಿ. ಆದ್ರ ಬರೇ ಸಪ್ಪಳ" ಎಂದು ಟೇಪನ್ನು ವಾಪಸು ಕೊಟ್ಟರು. ಇಳಕಲ್ಲಿನ ಕುಸ್ತಿಗೆ ಇನ್ನು ಮೂರು ತಿಂಗಳಿತ್ತು. ದುರ್ಗಪ್ಪನಿಗೆ ಏನು ಹೇಳುವುದೆಂದು ತಿಳಿಯದೆ ಆ ದಾರಿಯ ಬಸ್ಸನ್ನೇ ಹತ್ತದೆ ತಪ್ಪಿಸಿಕೊಂಡು ತಿರುಗಿದೆ.

ಸಾಹೇಬರ ಮಗಳ ಮದುವೆ ಗೊತ್ತಾದದ್ದು ನನ್ನ ಪುಣ್ಯ. ಸೀರೆಗೆ ಇಳಕಲ್ಲಿಗೇ ಹೋಗಬೇಕೆಂದು ಮನೆಯವರು ಹಟ ಹಿಡಿದರು. ಒಳ್ಳೆಯ ನೇಯುವವರು ಗೊತ್ತಿದ್ದಾರೆ ಎಂದು ನಾನು ಮುಂದಾಗಿ ಸಾಹೇಬರನ್ನು ಸೀದಾ ಗಂಗವ್ವನ ಮನೆಗೆ ಕರೆದುಕೊಂಡು ಹೋದೆ. ಇಬ್ರಾಹಿಂ ಯಂತ್ರದ ಸಮೇತ ಬಂದ. "ಸೀರೀ ತರಾಕ ಇದು ಯಾಕ್ರಿ?" ಎಂದು ಸಾಹೇಬರು ಕೇಳಿದರು. ನಾವಿಬ್ಬರೂ ಕಿವುಡರಾದೆವು.

ಗಂಗವ್ವ ಚಹಾ ಕೊಟ್ಟಳು, ಸೀರೆ ಬಿಚ್ಚಿ ತೋರಿಸಿದಳು. ಸಾಹೇಬರು ಸೆರಗು ಹಿಡಿದು ನೋಡುತ್ತಿದ್ದಾಗ ನಾನು ಕಣ್ಸನ್ನೆ ಮಾಡಿದೆ. ಇಬ್ರಾಹಿಂ ಟೇಪು ಹಾಕಿದ. ಅವಳಿಗೆ ನಾನು ಮೊದಲೇ ಏನೂ ಹೇಳಿರಲಿಲ್ಲ.

"ಇದು ದುರ್ಗಪ್ಪನ ಕೈ ಅಲ್ಲೇನ್ರಿ" ಎಂದಳು ಕೂಡಲೇ. ಆಮೇಲೆ ತಾನೇ ಶುರು ಮಾಡಿದಳು. "ಸುತ್ತು ಹಾಕಾಕತ್ತಾರ. ಒಬ್ಬಾವ ದೊಡ್ಡಾವ. ಸಣ್ಣಾವ ಕಾಲಿಗೆ ಕೈ ಹಾಕಿದ... ಹ್ಞಾಂ, ತಪ್ಪಿಸಿಕೊಂಡ. ಈಗ ತೋಳಿಗೆ ತೋಳು ಕೊಟ್ಟು ನಿಂತ್ರು." ಸಾಹೇಬರ ಕೈಯಲ್ಲಿ ಸೆರಗು ಹಾಗೇ ಇತ್ತು. ಗಂಗವ್ವ ಇದ್ದಕ್ಕಿದ್ದಂತೆ ಹುಬ್ಬು ಗಂಟಿಕ್ಕಿದಳು.

"ಅಯ್ಯ, ಇದೇನ್ರಿ? ಈಗರೆ ನಿಂತಿದ್ರು. ಆಗಲೇ ನೆಲದ ಮ್ಯಾಲೆ ಹ್ಯಾಂಗ ಬಂದ್ರು? ನಡುವಿಂದು ಎಲ್ಲಿ ಹೋತು?"

ಸಾಹೇಬರು ನನ್ನ ಕಡೆ ತಿರುಗಿದರು.

"ಕತ್ತರಿಸೀರೇನು?"

"ಹೌದ್ರಿ ಸರ್. ಅಲ್ಲಿ ಏನೂ ಇರಲಿಲ್ಲ. ಅರ್ಧ ನಿಮಿಷ."

"ಏನೂ ಇರಲಿಲ್ಲ ಅಂದ್ರ ಹ್ಯಾಂಗ್ರಿ ಅಕ್ಕೋರ" ಎಂದು ಗಂಗವ್ವ ನನ್ನ ಮೇಲೆ ಹರಿಹಾಯ್ದಳು. "ಇಬ್ಬರೂ ಬಿಗಿಹಿಡಕೊಂಡು ನಿಂತಿರ್ತಾರ, ಯಾರೂ ಅಲುಗೂದಿಲ್ಲ. ಆಗ ದುರ್ಗಪ್ಪ ಕೈ ಇಳಸ್ತಾನ. ನಾವು ಉಸುರು ಬಿಗಿಹಿಡೀತೇವಿ. ಕುಸ್ತಿ ಅನ್ನೂದು ಅದ ಅಲ್ಲೇನ್ರಿ?"

ಸಾಹೇಬರು ಸೆರಗು ಕೆಳಗಿಟ್ಟರು. ಮುಂದಿನದನ್ನು ಹಾಕಲು ಹೇಳಿದರು. ಸಣ್ಣವನು ಗೆದ್ದ, ಆದರೆ ದೊಡ್ಡವನು ಮನಸ್ಸಿಟ್ಟು ಆಡಲಿಲ್ಲ, ಏನೋ ಅಂಜಿಕೊಂಡಿದ್ದ ಎಂದು ಗಂಗವ್ವ ತೀರ್ಪು ಕೊಟ್ಟಳು. ಜಮಖಾನದ ಕಥೆ ಅವಳಿಗೆ ಯಾರೂ ಹೇಳಿರಲಿಲ್ಲ. ಇಬ್ರಾಹಿಂ ನಗು ತಡೆಯಲಾರದೆ ಯಂತ್ರದ ಮೇಲೆ ಬಗ್ಗಿದ.

"ಆ ತುಂಡು ಎಲ್ಲೈತಿ?" ಸಾಹೇಬರ ದನಿ ಬೇರೆಯಾಗಿತ್ತು. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದ್ದೆ.

"ಐತ್ರಿ ಸರ್" ಎಂದ ಇಬ್ರಾಹಿಂ. "ಮೇಡಂ ಬಿಸಾಕಿದ್ದೆಲ್ಲಾ ನಾ ಬಿಸ್ಕೀಟ್ ಡಬ್ಬಿಯೊಳಗ ಚೀಟಿ ಬರದು ಇಡ್ತೇನಿ."

ಮರುದಿನ ತುಂಡನ್ನು ಅದರ ಜಾಗಕ್ಕೆ ಅಂಟಿಸಿದೆ. ಅಂಟಿಸುವಾಗ ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಕಾರ್ಯಕ್ರಮ ಪ್ರಸಾರವಾಯಿತು. ಹಲಗೆ, ದುರ್ಗಪ್ಪನ ಮಾತು, ಗಂಗವ್ವನ ವಿವರಣೆ, ನಡುವೆ ಪೂರಾ ಅರ್ಧ ನಿಮಿಷದ ಆ ಮೌನ. ಹಲಗೆ ವಾದನ ದುರ್ಗಪ್ಪ, ಜೊತೆಯಲ್ಲಿ ಯಲ್ಲಪ್ಪ ಎಂದು ಸಾಹೇಬರೇ ತಮ್ಮ ದನಿಯಲ್ಲಿ ಹೇಳಿದರು. ಹುಡುಗಿಯರೇ, ಹುಡುಗರೇ, ಒಂದನ್ನು ನೆನಪಿಡಿ: ನಿಮ್ಮ ಮೇಲಿನವರು ತಪ್ಪು ತಿದ್ದಿಕೊಂಡಾಗ ಗೆದ್ದವರ ಮುಖ ಮಾಡಬೇಡಿ. ನಾನು ಮಾಡಿದೆ, ಎರಡು ತಿಂಗಳು ಕೃಷಿ ವಾರ್ತೆಗೆ ಹಾಕಿದರು.

ಪೋಸ್ಟ್‌ಕಾರ್ಡುಗಳು ಬಂದವು. ಅಭಿಮಾನಿಗಳು ಎಂದರೆ ಹೊಗಳುವವರು ಎಂದು ನಾನು ತಿಳಿದಿದ್ದೆ. ಹುನಗುಂದದ ಕೋರ್ಟಿನಲ್ಲಿ ಕಾರಕೂನರಾಗಿ ನಿವೃತ್ತರಾದ ಶಂಕ್ರಪ್ಪನವರು ನಾಲ್ಕು ಪುಟದ ತಕರಾರು ಬರೆದಿದ್ದರು. ಎದುರಾಳಿಯನ್ನು ಹೆಗಲ ಮೇಲೆ ಎತ್ತಿಕೊಂಡಾಗ ದುರ್ಗಪ್ಪ ಒಂದು ಪೆಟ್ಟು ತಡವಾಗಿ ಹಾಕುತ್ತಾನೆ, ಹಿಂದಿನವರು ಹಾಗೆ ಮಾಡುತ್ತಿರಲಿಲ್ಲ ಎಂದು ದೂರು. ಅವರನ್ನೇ ಕರೆದುಕೊಂಡು ದುರ್ಗಪ್ಪನ ಹತ್ತಿರ ಹೋದೆ. ಬೇವಿನ ಮರದ ಕೆಳಗೆ ಇಬ್ಬರೂ ಜಗಳಕ್ಕೇ ಬಿದ್ದರು.

"ಎತ್ತಿದ ಮ್ಯಾಲೆ ಅವನ ಕಾಲು ನೆಲದ ಮ್ಯಾಲೆ ಇರೂದಿಲ್ರಿ ಧಣ್ಯಾರ, ನಾ ಏನ್ ನೋಡ್ಲಿ?"

"ಎತ್ತಿದಾವನ ಕಾಲು ನೋಡೋ ಮಾರಾಯಾ! ಅದು ನೆಲದ ಮ್ಯಾಲೆ ಇರತೈತಿಲ್ಲೋ?"

ದುರ್ಗಪ್ಪ ತನ್ನ ಎರಡೂ ಕಾಲು ನೆಲಕ್ಕೆ ಊರಿ ನೋಡಿಕೊಂಡ. "ನೋಡ್ತೇನಿ" ಎಂದ. ಅವತ್ತು ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ನನ್ನ ವೃತ್ತಿಯ ಅತ್ಯುತ್ತಮ ಸಂದರ್ಶನ ಅದು.

ಇಷ್ಟಾದರೂ ಅಸಲು ಕೆಲಸ ಆಗಿರಲಿಲ್ಲ. ಮಲ್ಲಪ್ಪ ಸಾಹುಕಾರರನ್ನು ಕಂಡೆ. "ಕೇಳಿದೆ ಕೇಳಿದೆ, ರೇಡಿಯೋದಾಗ ಭಾಳ ಛಲೋ ಇತ್ತು" ಎಂದು ನಕ್ಕರು. "ಆದ್ರ ಸ್ಪೀಕರಿನವಗ ಹೇಳಿ ಆಗೇತ್ರಿ ತಂಗಿ. ಮಂದಿಗೂ ಹೊಸದು ಬೇಕಾಗೇತಿ. ದುರ್ಗಪ್ಪ ಬಂದು ಒಂದ್ ಕಡೆ ಕುಂದ್ರಲಿ, ಬ್ಯಾಡ ಅನ್ನೂದಿಲ್ಲ. ಬಾರಸೂದು ಮಾತ್ರ ಬ್ಯಾಡ." ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ನೀವೂ ಬರ್ರಿ. ಬಾಜೂ ಮಾಳಿಗಿ ಮ್ಯಾಲೆ ಹೆಣ್ಮಕ್ಕಳಿಗೆ ಜಾಗಾ ಮಾಡಸ್ತೇನಿ" ಎಂದರು.

ಕುಸ್ತಿಯ ದಿನ ಮಾಳಿಗೆಯ ಮೇಲೆ ಹತ್ತು ಹದಿನೈದು ಹೆಂಗಸರು. ಗಂಗವ್ವ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕುಳಿತಳು. ಕೆಳಗೆ ಕೆಮ್ಮಣ್ಣಿನ ಕಣ, ಸುತ್ತ ಜನ, ಕಂಬಕ್ಕೆ ಕಟ್ಟಿದ ಸ್ಪೀಕರು. ಒಂದು ಮೂಲೆಯಲ್ಲಿ ದುರ್ಗಪ್ಪ, ಯಲ್ಲಪ್ಪ. ಹಲಗೆ ಕಾಯಿಸಿ ತಂದಿದ್ದರು, ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಾರಿಸುವುದು ಬೇಡ ಎಂದು ಹೇಳಿದ್ದರೂ ಕಾಯಿಸಿ ತಂದಿದ್ದರಲ್ಲ.

ಹಾಡು ಶುರುವಾಯಿತು. ಕಿವಿ ಗಡಚಿಕ್ಕುವ ಪ್ರೇಮಗೀತೆ, ಅದರ ಕೆಳಗೆ ಇಬ್ಬರು ಪೈಲ್ವಾನರು ಒಬ್ಬರ ಕುತ್ತಿಗೆ ಒಬ್ಬರು ಹಿಡಿದಿದ್ದಾರೆ. ಜನ ಮೊದಲು ನಕ್ಕರು, ಸಿಳ್ಳೆ ಹಾಕಿದರು. ಎರಡು ಜೋಡ ಹಾಗೇ ಮುಗಿಯಿತು. ಸಾಹುಕಾರರು ಖುಷಿಯಾಗಿದ್ದರು. ಗಂಗವ್ವ ಕಣ್ಣು ಕಿರಿದು ಮಾಡಿ ನೋಡಿದಳು, ಎದ್ದು ನೋಡಿದಳು, ಮತ್ತೆ ಕುಳಿತಳು. "ಇದರಾಗ ಯಾರ ಕಾಲು ಯಾರದು? ನನಗೇನೂ ತಿಳಿವಲ್ದು" ಎಂದಳು. ಜೀವನದಲ್ಲಿ ಮೊದಲ ಸಲ ಕುಸ್ತಿ ನೋಡಲು ಬಂದವಳ ಮುಖ ಸಪ್ಪಗಾಗಿತ್ತು.

ಮೂರನೆಯ ಜೋಡ ಬಿಗಿಹಿಡಿದು ನಿಂತಿತ್ತು. ಇಬ್ಬರ ಮೈಯೂ ನಡುಗುತ್ತಿತ್ತು, ಯಾರೂ ಅಲುಗುತ್ತಿರಲಿಲ್ಲ. ಆಗಲೇ ತಟ್ಟೆ ಮುಗಿಯಿತು. ಸ್ಪೀಕರಿನಿಂದ ಮುಳ್ಳು ಕೆರೆಯುವ ಕರ್ರ್ ಕರ್ರ್ ಸದ್ದು. ಸ್ಪೀಕರಿನವನು ಇನ್ನೊಂದು ತಟ್ಟೆ ಹುಡುಕುತ್ತಿದ್ದ. ಕಣದ ಮೇಲೆ ಏನೋ ಬಿಟ್ಟುಹೋದ ಹಾಗಾಯಿತು. ಪೈಲ್ವಾನರು ಕೂಡ ಹಿಡಿತ ಸಡಿಲಿಸಿ ಅತ್ತಿತ್ತ ನೋಡಿದರು.

ಜನರ ನಡುವಿನಿಂದ ಶಂಕ್ರಪ್ಪನವರು ಎದ್ದರು. "ಏ ದುರ್ಗಪ್ಪಾ, ಏನ್ ನೋಡ್ಕೋತ ಕುಂತಿಯೋ?"

ದುರ್ಗಪ್ಪನ ಕೈ ಕಡ್ಡಿಯ ಮೇಲಿತ್ತು. ಆದರೆ ಅವನು ಸಾಹುಕಾರರ ಕಡೆ ನೋಡಿದ. ಮುಟ್ಟಬೇಡ ಎಂದದ್ದನ್ನು ಮುಟ್ಟುವವನಲ್ಲ. ಯಾರೋ "ಹಲಗಿ!" ಎಂದರು. ಇನ್ನೊಬ್ಬರು ಎಂದರು. ಆಮೇಲೆ ಇಡೀ ಕಣ. ರೇಡಿಯೋ ಕೇಳಿದವರು ಎಷ್ಟು ಮಂದಿಯೋ, ಕೇಳದವರು ಎಷ್ಟು ಮಂದಿಯೋ, ನನಗೆ ಗೊತ್ತಿಲ್ಲ. ಸಾಹುಕಾರರು ತಟ್ಟೆ ತಡಕಾಡುವವನನ್ನು ನೋಡಿದರು, ಸುಮ್ಮನೆ ನಿಂತ ಜೋಡವನ್ನು ನೋಡಿದರು, ಕೈ ಬೀಸಿದರು.

"ಬಾರಸಪಾ!"

ಪೈಲ್ವಾನರು ಮತ್ತೆ ತೋಳು ಕೊಟ್ಟರು. ಸಣ್ಣ ಕಡ್ಡಿ ಅಂಚನ್ನು ಮುಟ್ಟಿತು, ಇನ್ನೊಮ್ಮೆ ಮುಟ್ಟಿತು. ಮಾಳಿಗೆಯ ಮೇಲೆ ಗಂಗವ್ವ ಕಣಕ್ಕೆ ಬೆನ್ನು ಮಾಡಿ ತಿರುಗಿ ಕುಳಿತಳು. "ಹ್ಞಾಂ, ಈಗ ಕೇಳ್ರಿ" ಎಂದು ಹೆಂಗಸರಿಗೆಲ್ಲ ಹೇಳತೊಡಗಿದಳು. ದಪ್ಪ ಕಡ್ಡಿ ಎದ್ದಿತು. ಯಾರೋ ಯಾರನ್ನೋ ಎತ್ತಿದರು. ಆ ಪೆಟ್ಟು ತಡವಾಗಲಿಲ್ಲ. ಶಂಕ್ರಪ್ಪನವರು ಪೇಟ ಕಿತ್ತು ಮೇಲೆ ಎಸೆದರು. ಸ್ಪೀಕರಿನವನು ತಟ್ಟೆ ಸಿಕ್ಕಿತೆಂದು ಮುಳ್ಳು ಇಡಲು ಹೋದ. ಸಾಹುಕಾರರು ಅವನ ಕೈ ಹಿಡಿದುಕೊಂಡರು. ಜೋಡ ಮುಗಿದ ಮೇಲೆ ಅವರೇ ಸ್ಪೀಕರಿನ ಮೈಕು ಹಿಡಿದು ಮುಂದಿನ ಇಬ್ಬರು ಪೈಲ್ವಾನರ ಹೆಸರು ಹೇಳಿದರು. ಸ್ವಲ್ಪ ತಡೆದು, "ಹಲಗಿ, ದುರ್ಗಪ್ಪಂದು. ಇವತ್ತೂ, ಬರೋ ವರ್ಷನೂ" ಎಂದರು.

ನಾನು ಮಾಳಿಗೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿದೆ. ಹೆಂಗಸು ಕಣದ ಹತ್ತಿರ ಬಂದಳೆಂದು ಯಾರಾದರೂ ತಡೆದರೋ ಇಲ್ಲವೋ ನೆನಪಿಲ್ಲ. ಕಣದ ಅಂಚಿನಲ್ಲಿ ಯಂತ್ರ ಹೂಡಿಕೊಂಡು ಕುಳಿತಿದ್ದ ಇಬ್ರಾಹಿಂ ನನ್ನ ಕೈಗೆ ಮೈಕು ಕೊಟ್ಟ. ಅಳುತ್ತ, ಏದುಸಿರು ಬಿಡುತ್ತ ದುರ್ಗಪ್ಪನ ಮುಂದೆ ನಿಂತು, ನಮ್ಮ ವೃತ್ತಿಯ ಅತಿ ದಡ್ಡ ಪ್ರಶ್ನೆಯನ್ನು ಕೇಳಿದೆ.

"ದುರ್ಗಪ್ಪ, ಈಗ ಹ್ಯಾಂಗ ಅನಸಾಕತ್ತೈತಿ?"

ಅವನು ನನ್ನನ್ನು ನೋಡಲೂ ಇಲ್ಲ. "ಆಮ್ಯಾಲ ಹೇಳ್ತೇನ್ರಿ ಅಕ್ಕೋರ. ಸ್ವಲ್ಪ ಸರೀರಿ, ಜೋಡ ನಿಂತೈತಿ."

ನಾನು ಸರಿದೆ. ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲವೆಂದು ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.